ನಮ್ಮಜ್ಜಿಯ ಸೇರು

ಅಜ್ಜಿ ಬಗ್ಗೆ ಬರೀಬೇಕು ಅಂದ್ರೆ ಎಲ್ಲರೂ ಅಡುಗೆಯಿಂದ ಶುರು ಮಾಡ್ತಾರೆ. ನಮ್ಮಜ್ಜಿ ಅಡುಗೆ ಅಂಥಾ ರುಚಿ ಏನಿರಲಿಲ್ಲ, ಸಾರಿಗೆ ಖಾರ ಜಾಸ್ತಿ ಹಾಕ್ತಿದ್ದಳು. ನನಗೆ ನೆನಪಾಗೋದು ಅವಳು ಸೇರು ಹಿಡಿದು ಅಳೆಯೋ ರೀತಿ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಮಳೆ ನಂಬಿ ಶೇಂಗಾ ಹಾಕೋ ಜನ ನಾವು. ಚಳ್ಳಕೆರೆ ಪೇಟೆ ಅಂದ್ರೆ ಎಣ್ಣೆ ಮಿಲ್ಲು, ಮಿಲ್ಲು ಅಂದ್ರೆ ಶೇಂಗಾ, ಇಷ್ಟೇ ನಮ್ಮ ಕಡೆ ಲೆಕ್ಕ. ಮುಂಗಾರು ಬಿತ್ತನೆಗೆ ಮುಂಚೆ, ಬಿಸಿಲು ಇನ್ನೂ ಇಳಿಯದ ದಿನಗಳಲ್ಲಿ, ಬೀಜದ ಕಾಯಿ ಸುಲಿಯೋ ಕೆಲಸ ಶುರುವಾಗ್ತಿತ್ತು. ಮಿಷನ್ನಿಗೆ ಹಾಕಿದರೆ ಬೀಜ ಎರಡು ಹೋಳಾಗುತ್ತೆ, ಇಲ್ಲಾ ಮೇಲಿನ ಕೆಂಪು ಸಿಪ್ಪೆ ಕಿತ್ತು ಬರುತ್ತೆ, ಅಂಥ ಬೀಜ ಸರಿಯಾಗಿ ಮೊಳಕೆ ಒಡೆಯಲ್ಲ. ಅದಕ್ಕೇ ಕೈಯಲ್ಲೇ ಸುಲಿಯಬೇಕು. ಕೇರಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತು, ಒಂದೊಂದೇ ಕಾಯನ್ನ ನೆಲಕ್ಕೆ ಒತ್ತಿ ಪಟ್ ಅನ್ನಿಸಿ, ಊರಿನ ಸುದ್ದಿಯೆಲ್ಲಾ ಮಾತಾಡ್ತಾ ಸುಲಿಯೋರು. ಸಂಜೆ ಹೊತ್ತಿಗೆ ಎಲ್ಲರ ಹೆಬ್ಬೆರಳೂ ಕೆಂಪಗೆ ಉಬ್ಬಿರ್ತಿತ್ತು. ಕೂಲಿ ಸೇರಿನ ಲೆಕ್ಕ. ಎಷ್ಟು ಸೇರು ಬೀಜ ಸುಲಿದ್ರೋ ಅಷ್ಟು ದುಡ್ಡು.

ಈಗ ವಿಷಯಕ್ಕೆ ಬರ್ತೀನಿ. ತಾತ ಅಳೆದರೆ ಸೇರಿನ ಮೇಲೆ ಬೀಜ ಗೋಪುರದ ಥರ ನಿಲ್ಲಬೇಕು. ಅಂದ್ರೆ ಸುಲಿದೋರಿಗೆ ಒಂದು ಸೇರಿನ ಕೂಲಿ, ನಮಗೆ ಸೇರಿಗಿಂತ ಜಾಸ್ತಿ ಬೀಜ. ಎಲ್ಲರ ಮನೆಯಲ್ಲೂ ಹಂಗೇ ನಡೀತಿತ್ತು, ಯಾರೂ ಅದನ್ನ ಮೋಸ ಅಂತಿರಲಿಲ್ಲ. ಅಜ್ಜಿ ಮಾತ್ರ ಸೇರು ತುಂಬಿಸಿ, ಅಂಗೈ ಆಡಿಸಿ ಮೇಲಿನದನ್ನ ಸವರಿ ಹಾಕಿ, ಮಟ್ಟಸವಾಗಿ ಅಳೆಯೋಳು. ಅದೇ ಸೇರಲ್ಲಿ ಯಾರಿಗಾದರೂ ಜೋಳ ಕೊಡೋವಾಗ ಗೋಪುರ. ಕಾಳು ಜಾರಿ ಕೆಳಗೆ ಬಿದ್ದರೂ ಅದನ್ನ ಬಾಚಿ ಅವರ ಸೆರಗಿಗೇ ಹಾಕೋಳು.

ತಾತನಿಗೆ ಸಿಟ್ಟು ಬರ್ತಿತ್ತು. ನಮ್ಮ ಕಡೆಯ ಸಂತ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಅಂದ್ರೆ ಇಬ್ಬರಿಗೂ ಪ್ರಾಣ. ತಾತ ಸ್ವಾಮಿಯ ಮಾತನ್ನೇ ಎತ್ತೋರು, "ಮಾಡಿದಷ್ಟು ನೀಡು ಭಿಕ್ಷೆ ಅಂದಿಲ್ವೇನೇ? ಮಾಡಿದ್ದಕ್ಕಿಂತ ಜಾಸ್ತಿ ಕೊಡು ಅಂದಿದ್ದಾರಾ?" ಅಜ್ಜಿ ತಲೆನೂ ಎತ್ತದೆ, "ಎಷ್ಟು ಮಾಡಿದ್ರು ಅಂತ ಅಳೆಯೋರು ನಾವೇ ಅಲ್ವಾ, ಅದಕ್ಕೇ ಹೇಳಿರೋದು" ಅಂತಿದ್ದಳು. ನಾನು ಆಮೇಲೆ ಓದಿದ ಎಷ್ಟೋ ದೊಡ್ಡ ಮಾತುಗಳಿಗಿಂತ ಇದು ನೆಟ್ಟಗಿದೆ ಅಂತ ನನಗೆ ಇವತ್ತಿಗೂ ಅನ್ಸುತ್ತೆ.

ಹಂಗಂತ ದೇವತೆ ಏನಲ್ಲ. ಸೊಸೆಯಂದಿರಿಗೆ ತುಪ್ಪದ ಗಡಿಗೆ ಮುಟ್ಟೋಕೆ ಬಿಡ್ತಿರಲಿಲ್ಲ. ನನ್ನ ಅಮ್ಮ ಈಗಲೂ ಆ ಗಡಿಗೆ ವಿಷಯ ಬಂದರೆ ಮುಖ ಸಿಂಡರಿಸ್ತಾರೆ. ಆದರೆ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸೋಕೆ ಬಂದ ಕುರಿಗಾಹಿಗಳಿಗೆ, ದುಡ್ಡು ಕಾಳು ಎಲ್ಲ ಮಾತಾಡಿ ಆದ ಮೇಲೂ, ರಾತ್ರಿ ಬಿಸಿ ಮುದ್ದೆ ಹುರಳಿ ಸಾರು ನನ್ನ ತಲೆ ಮೇಲೆ ಹೊರಿಸಿ ಕಳಿಸೋಳು. ಕತ್ತಲಲ್ಲಿ ನಾಯಿಗಳು ಬೊಗಳ್ತಾ ಮೈಮೇಲೆ ಬರೋವು. "ಅಜ್ಜಿ, ನನಗೆ ಭಯ" ಅಂದ್ರೆ "ಸಾರು ಚೆಲ್ಲಬ್ಯಾಡ ಕಣ್ಲಾ" ಅನ್ನೋ ಉತ್ತರ.

ಅಜ್ಜಿಯ ತವರು ಹಿರಿಯೂರು ಕಡೆ, ವೇದಾವತಿ ದಂಡೆ. ಅಲ್ಲಿನ ಮಾರಿಕಣಿವೆ ಡ್ಯಾಮು, ಅದೇ ವಾಣಿವಿಲಾಸ ಸಾಗರ, 1907ರಲ್ಲಿ ಮುಗೀತು, ತುಂಬಿ ಕೋಡಿ ಬಿದ್ದಿದ್ದು 1933ರಲ್ಲಿ. ಅದನ್ನ ಅಜ್ಜಿಯ ಅವ್ವ ಕಣ್ಣಾರೆ ನೋಡಿದ್ದರಂತೆ, ಅಜ್ಜಿ ಇನ್ನೂ ಹುಟ್ಟಿರಲಿಲ್ಲ. ಬರೀ ಆ ಕಥೆ ಕೇಳಿಕೊಂಡೇ ಇಡೀ ಆಯಸ್ಸು ಕಳೆದಳು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದ ಮೇಲೆ, ಮತ್ತೆ ಕೋಡಿ ಬಿತ್ತು. ಅಜ್ಜಿ ಹಟ ಹಿಡಿದಳು. ಮೊಣಕಾಲು ನೋವು, ನಡೆಯೋಕಾಗಲ್ಲ, ರಸ್ತೆ ತುಂಬ ಜನ, ಏನು ಹೇಳಿದರೂ ಕೇಳಲಿಲ್ಲ. ಬಾಡಿಗೆ ಕಾರು ಮಾಡಿಕೊಂಡು ಕರ್ಕೊಂಡು ಹೋದೆ. ಮೊದಲು ಕಣಿವೆ ಮಾರಮ್ಮನಿಗೆ ಕೈ ಮುಗಿದಳು. ಆಮೇಲೆ ನನ್ನ ತೋಳು ಹಿಡಿದುಕೊಂಡು ನೀರು ಉಕ್ಕಿ ಹರಿಯೋದನ್ನ ತುಂಬಾ ಹೊತ್ತು ನೋಡಿದಳು. ಏನಾದರೂ ಹೇಳ್ತಾಳೆ ಅಂತ ಕಾಯ್ತಿದ್ದೆ. "ಇಷ್ಟು ನೀರು ಇಲ್ಲೈತೆ. ನಮ್ಮೂರಿಗೆ ಭದ್ರಾ ನೀರು ಯಾವಾಗ ಬಿಡ್ತಾರಂತೆ?" ಅಂದಳು! ಪಕ್ಕದಲ್ಲಿದ್ದೋರೆಲ್ಲ ನಕ್ಕರು. ವಾಪಸ್ ಬರೋವಾಗ ಅವಳಿಗಿದ್ದ ಚಿಂತೆ ಒಂದೇ, ಡ್ರೈವರ್ ಊಟ ಮಾಡಿದ್ನೋ ಇಲ್ವೋ ಅಂತ.

ಮುಂದಿನ ವರ್ಷ ತೀರಿಕೊಂಡಳು. ಹೆಚ್ಚು ನರಳಲಿಲ್ಲ. ತಿಥಿ ದಿನ ಕಾಯಿ ಸುಲಿಯೋಕೆ ಬರ್ತಿದ್ದ ಹೆಂಗಸರೆಲ್ಲ ಬಂದಿದ್ದರು, ಕೆಲವರಿಗೆ ಅಜ್ಜಿಗಿಂತ ಜಾಸ್ತಿ ವಯಸ್ಸಾದಂಗೆ ಕಾಣ್ತಿತ್ತು. ಒಬ್ಬಾಕೆ ಅಮ್ಮನ ಕೈಗೆ ಒಂದು ಚೀಲ ಜೋಳ ಕೊಟ್ಟು, "ಯಾವತ್ತೋ ಇಸ್ಕೊಂಡಿದ್ದು, ಅಯ್ಯೋ, ಕೇಳಲೇ ಇಲ್ಲ ಆಯಮ್ಮ" ಅಂತ ಅತ್ತಳು. ಅಮ್ಮ ಬೇಡ ಅನ್ನಲಿಲ್ಲ, ಇಸ್ಕೊಂಡರು. ಬೇಡ ಅಂದಿದ್ರೆ ಆಕೆಗೆ ಬೇಜಾರಾಗ್ತಿತ್ತು. ಅಜ್ಜಿ ಇದ್ದಿದ್ರೂ ಇಸ್ಕೊಂಡಿರ್ತಿದ್ದಳು, ಮುಂದಿನ ವಾರ ಬೇರೆ ಏನೋ ನೆಪ ಹೇಳಿ ವಾಪಸ್ ಕಳಿಸಿರ್ತಿದ್ದಳು. ಅಮ್ಮನೂ ಅದನ್ನೇ ಮಾಡಿದರು ಅಂತ ಆಮೇಲೆ ಗೊತ್ತಾಯ್ತು.

ಅಜ್ಜಿದೊಂದು ಹರಕೆ ಬಾಕಿ ಇದೆ. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡೋದು. ಯಾವುದಕ್ಕೆ ಹೊತ್ತುಕೊಂಡಿದ್ದಳೋ ಯಾರಿಗೂ ಹೇಳಿಲ್ಲ, ನನ್ನ ಕೆಲಸಕ್ಕೆ ಅಂತ ಅತ್ತೆ ಅಂತಾರೆ, ಮಳೆಗೆ ಅಂತ ಅಪ್ಪ. ಈ ಸಲ ನಾನೇ ಹೋಗ್ತಿದ್ದೀನಿ. ಕೊಬ್ಬರಿನ ಮಾತ್ರ ಚಳ್ಳಕೆರೆಯಲ್ಲೇ ತಗೊಂಡು ಹೋಗ್ಬೇಕು, ಜಾತ್ರೆ ಬೀದಿಯಲ್ಲಿ ಬಾಯಿಗೆ ಬಂದ ರೇಟು ಹೇಳ್ತಾರೆ ಅಂತ ಅಜ್ಜಿ ಪ್ರತಿ ಸಲ ಬೈತಿದ್ದಳು.