ಹ್ಯೂಗೋ ಸೈಟಿಗೆ ಕನ್ನಡ ಸೇರಿಸುವಾಗ ಎಡವುವ ಜಾಗಗಳು

ಹ್ಯೂಗೋ ಎಂದರೆ ಬರಹದ ಫೈಲುಗಳಿಂದ ವೆಬ್‌ಸೈಟ್ ಕಟ್ಟಿಕೊಡುವ ತಂತ್ರಾಂಶ. ಇಂಗ್ಲಿಷಿನಲ್ಲಿ ಓಡುತ್ತಿರುವ ಹ್ಯೂಗೋ ಸೈಟಿಗೆ ಕನ್ನಡ ಸೇರಿಸಲು ಅರ್ಧ ಗಂಟೆ ಸಾಕು. ಕಾನ್ಫಿಗ್ ಫೈಲಿನ ಲ್ಯಾಂಗ್ವೇಜಸ್ ವಿಭಾಗದಲ್ಲಿ ಭಾಷೆಗೊಂದು ತುಂಡು ಬರೆದು, ವೆಯ್ಟ್ (ಭಾಷೆಗಳ ಕ್ರಮ) 1, 2 ಎಂದು ಕೊಟ್ಟು, ಡಿಫಾಲ್ಟ್ ಭಾಷೆ ಯಾವುದೆಂದು ಹೇಳಿದರೆ ಬಿಲ್ಡ್ ಆಗುತ್ತದೆ. ಆಮೇಲೆ ಶುರು, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಮೊದಲನೆಯದು ಭಾಷೆಯ ಕೋಡ್. ಕನ್ನಡಕ್ಕೆ ಕೆ-ಎನ್. ಕೆ-ಎ ಎಂದು ಹಾಕುವವರೂ ಇದ್ದಾರೆ, ಗಾಡಿಯ ನಂಬರ್ ಪ್ಲೇಟಿನ ಅಭ್ಯಾಸ ಇರಬೇಕು. ಕೆ-ಎ ಎಂದರೆ ಜಾರ್ಜಿಯನ್. ಹ್ಯೂಗೋ ತಕರಾರು ಮಾಡುವುದಿಲ್ಲ. ತಿಂಗಳ ಹೆಸರು ಗುರುತು ಸಿಗದ ಲಿಪಿಯಲ್ಲಿ ಬಂದಾಗಲೇ ಗೊತ್ತಾಗುವುದು.

ಪುಟಗಳನ್ನು ಭಾಷೆಗೊಂದು ಫೋಲ್ಡರಿನಲ್ಲಿ ಇಡಬಹುದು, ಇಲ್ಲವೇ ಒಂದೇ ಫೋಲ್ಡರಿನಲ್ಲಿ ಫೈಲಿನ ಹೆಸರಿನ ಕೊನೆಗೆ ಕೋಡ್ ಸೇರಿಸಿ ಇಡಬಹುದು. ಚಿಕ್ಕ ಸೈಟಿಗೆ ಎರಡನೆಯದೇ ವಾಸಿ: ಜೋಡಿ ಇಲ್ಲದ ಪುಟ ಕಣ್ಣಿಗೆ ಬೀಳುತ್ತದೆ. ಫೈಲಿನ ಹೆಸರು ಮಾತ್ರ ಕನ್ನಡದಲ್ಲಿ ಬೇಡ. ವಿಳಾಸದಲ್ಲಿ ಕನ್ನಡದ ಪ್ರತಿ ಬಿಡಿ ಚಿಹ್ನೆ, ಅಂದರೆ ಕೋಡ್‌ಪಾಯಿಂಟ್ 3 ಬೈಟ್ ಆಗಿ, ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರ ಆಗುತ್ತದೆ. 'ಕನ್ನಡ' ಎಂಬುದರಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ 5 ಕೋಡ್‌ಪಾಯಿಂಟ್. ಕಾಪಿ ಮಾಡಿ ಅಂಟಿಸಿದರೆ 45 ಅಕ್ಷರದ ಬಾಲ.

'ಇನ್ನಷ್ಟು ಓದಿ'ಯಂಥ ಸಿದ್ಧ ಪದಗಳನ್ನು ಐ18ಎನ್ (ಅನುವಾದದ ಪದಗಳ) ಫೋಲ್ಡರಿನ ಕನ್ನಡ ಫೈಲಿಗೆ ಹಾಕಿ. ಇಲ್ಲಿ ಎಲ್ಲರೂ ಎಡವುವುದು ಬಹುವಚನದಲ್ಲಿ. ಇಂಗ್ಲಿಷಿನ ಹಾಗೆಯೇ ಒನ್, ಅದರ್ ಎಂಬ ಎರಡು ರೂಪ. ಆದರೆ ಇಂಗ್ಲಿಷಿನಲ್ಲಿ ಸೊನ್ನೆ ಅದರ್‌ಗೆ ಹೋದರೆ, ಕನ್ನಡದ ನಿಯಮದಲ್ಲಿ ಅದು ಒನ್‌ಗೆ ಹೋಗುತ್ತದೆ. ಒನ್ ಜಾಗದಲ್ಲಿ 'ಒಂದು ಬರಹ' ಎಂದು ಅಕ್ಷರದಲ್ಲೇ ಬರೆದಿಟ್ಟರೆ, ಖಾಲಿ ವಿಭಾಗದ ನೆತ್ತಿಯ ಮೇಲೂ 'ಒಂದು ಬರಹ' ಎಂದೇ ಬರುತ್ತದೆ. ಎಣಿಕೆಯ ವೇರಿಯಬಲ್ ಇಟ್ಟು ಪಕ್ಕದಲ್ಲಿ 'ಬರಹ' ಎಂದು ಬರೆಯಿರಿ: 0 ಬರಹ, 1 ಬರಹ, ಎರಡೂ ಸರಿ.

ದಿನಾಂಕವೂ ಹೀಗೆಯೇ. ಡೇಟ್‌ಗೆ ಚುಕ್ಕಿ ಇಟ್ಟು ನೇರ ಫಾರ್ಮ್ಯಾಟ್ ಕರೆದರೆ ತಿಂಗಳು ಯಾವಾಗಲೂ ಇಂಗ್ಲಿಷಿನಲ್ಲೇ. ಟೈಮ್ ಡಾಟ್ ಫಾರ್ಮ್ಯಾಟ್ ಫಂಕ್ಷನ್ ಬಳಸಿದರೆ ಕನ್ನಡದಲ್ಲಿ ಬರುತ್ತದೆ. ಹಳೆಯ ಥೀಮುಗಳಲ್ಲಿ ಮೊದಲನೆಯದನ್ನು ಹುಡುಕಿ ಬದಲಿಸಬೇಕು.

ಹೆಡ್‌ನಲ್ಲಿ ಎಚ್‌ರೆಫ್‌ಲ್ಯಾಂಗ್ (ಪುಟ ಯಾವ ಯಾವ ಭಾಷೆಯಲ್ಲಿದೆ ಎಂದು ಸರ್ಚ್ ಎಂಜಿನ್ನಿಗೆ ಹೇಳುವ) ಸಾಲುಗಳಿಗೆ ಟ್ರಾನ್ಸ್‌ಲೇಷನ್ಸ್ ಅಲ್ಲ, ಆಲ್‌ಟ್ರಾನ್ಸ್‌ಲೇಷನ್ಸ್ ಮೇಲೆ ಲೂಪ್ ಹಾಕಿ. ಮೊದಲನೆಯದು ಈಗಿರುವ ಪುಟವನ್ನೇ ಬಿಟ್ಟುಬಿಡುತ್ತದೆ. ಪುಟ ತನ್ನನ್ನೂ ಪಟ್ಟಿಯಲ್ಲಿ ತೋರಿಸಬೇಕು, ಅದೂ ಪೂರ್ತಿ ವಿಳಾಸದೊಂದಿಗೆ. ಭಾಷೆ ಬದಲಿಸುವ ಕೊಂಡಿ ಅದೇ ಬರಹದ ಇನ್ನೊಂದು ರೂಪಕ್ಕೆ ಹೋಗಲಿ, ಮುಖಪುಟಕ್ಕಲ್ಲ. ಬಾವುಟದ ಚಿತ್ರವೂ ಬೇಡ. ಕನ್ನಡಕ್ಕೆ ಭಾರತದ ಬಾವುಟ ಹಾಕಿದರೆ ನಾಳೆ ತುಳುವಿಗೆ ಯಾವುದು ಹಾಕುತ್ತೀರಿ?

ಇಷ್ಟಾದ ಮೇಲೆ ಶೀರ್ಷಿಕೆಯಲ್ಲಿ 'ರಾಷ್ಟ್ರ' ಎಂದು ಟೈಪ್ ಮಾಡಿ ನೋಡಿ. ಲೈನ್‌ಹೈಟ್ (ಸಾಲಿನ ಎತ್ತರ) 1.2 ಇರುವ ಥೀಮಿನಲ್ಲಿ ಕೆಳಗಿನ ಎರಡು ಒತ್ತುಗಳು ಮುಂದಿನ ಸಾಲಿಗೆ ತಾಗಬಹುದು. ಕನ್ನಡ ಪುಟಗಳಿಗಷ್ಟೇ ಅದನ್ನು 1.6ರ ಆಸುಪಾಸಿಗೆ ಏರಿಸಿ, ಲೆಟರ್‌ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆ ಮಾಡಿ.