ಕಿವಿ ಬಿಟ್ಟು ಹೋಗದ ಒಂದು ‘ಟೂ’

ಪೈಲಟ್‌, ಕಂಟ್ರೋಲರ್‌ಗಳ ಇಂಗ್ಲಿಷ್ ಅಳೆಯುವ ಲೆವೆಲ್ 4 ಪರೀಕ್ಷೆಗೆ ಕೂರುವವರಿಗಾಗಿ ಈ ವಾರ ಹಳೆಯ ರೇಡಿಯೊ ಮಾತುಕತೆಗಳನ್ನು ಆರಿಸುವಾಗ ಮತ್ತೆ ಎದುರಾದದ್ದು 1989ರ ಫೆಬ್ರವರಿ 19ರ ಆ ಸಾಲು. ಕ್ವಾಲಾಲಂಪುರದ ಸುಬಾಂಗ್ ನಿಲ್ದಾಣದತ್ತ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ 66, ಸರಕು ಸಾಗಿಸುವ ಬೋಯಿಂಗ್ 747. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಹೇಳಿದ್ದು: ‘ಡಿಸೆಂಡ್ (ಇಳಿಯಿರಿ) ಟೂ ಫೋರ್ ಝೀರೋ ಝೀರೋ.’ ಕಾಕ್‌ಪಿಟ್‌ನಿಂದ ಬಂದ ಉತ್ತರ: ‘ಓಕೆ, ಫೋರ್ ಝೀರೋ ಝೀರೋ.’ ಹೇಳಿದ್ದು 2,400 ಅಡಿ, ಕೇಳಿಸಿಕೊಂಡದ್ದು 400 ಅಡಿ: ಎರಡು ಎನ್ನುವ ‘ಟೂ’, ‘ಕ್ಕೆ’ ಎನ್ನುವ ‘ಟು’ ಆಗಿಬಿಟ್ಟಿತು. ವಿಮಾನ ಗುಡ್ಡಕ್ಕೆ ಬಡಿಯಿತು, ಒಳಗಿದ್ದ ನಾಲ್ವರೂ ಸತ್ತರು.

‘ಟು’, ‘ಟೂ’ ಎಂದು ನಾವು ಹ್ರಸ್ವ ದೀರ್ಘ ಮಾಡಿ ಬರೆದುಕೊಳ್ಳಬಹುದು. ಗರಗರ ಎನ್ನುವ ರೇಡಿಯೊದಲ್ಲಿ ಆ ದೀರ್ಘಕ್ಕೆ ಬೆಲೆಯಿಲ್ಲ. ಕನ್ನಡದಲ್ಲಾದರೆ ‘ನಾನೂರಕ್ಕೆ’ ಎನ್ನುವಾಗ ‘ಕ್ಕೆ’ ಅಂಕಿಯ ಬಾಲಕ್ಕೇ ಅಂಟಿಕೊಂಡಿರುತ್ತದೆ, ಅದನ್ನು ಎರಡು ಎಂದು ಯಾರೂ ಕೇಳಿಸಿಕೊಳ್ಳಲಾರರು. ಆಕಾಶದ ಭಾಷೆಯಾಗಿ ಆರಿಸಿಕೊಂಡ ಇಂಗ್ಲಿಷಿನಲ್ಲಿ ಆ ಬಿರುಕು ಇದೆ, ಅದರ ಮೇಲೆ ಹಲಗೆ ಹಾಸಿಕೊಂಡೇ ದಾಟಬೇಕು. ಆ ಹಲಗೆ ಯಾವುದೆಂದರೆ, ‘ಡಿಸೆಂಡ್ ಟು ಆಲ್ಟಿಟ್ಯೂಡ್ ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್’. ನಡುವೆ ‘ಆಲ್ಟಿಟ್ಯೂಡ್’, ಅಂಕಿಯ ಜೊತೆ ಸಾವಿರ, ನೂರು. ಉದ್ದವಾಯಿತು ನಿಜ, ಆದರೆ ಮೊದಲ ತುಣುಕು ನುಂಗಿಹೋದರೂ ಎತ್ತರ ಬದಲಾಗುವುದಿಲ್ಲ.

ನನ್ನನ್ನು ಕಾಡುವುದು ಇನ್ನೊಂದು. ಆ ಪೈಲಟ್‌ಗಳು ಅಮೆರಿಕದವರು, ಇಂಗ್ಲಿಷಿನಲ್ಲೇ ಬೆಳೆದವರು. ನೆಲ ಹತ್ತಿರವಾಗುತ್ತಿದೆ ಎಂಬ ಎಚ್ಚರಿಕೆ ಮೊಳಗಿದರೂ ಮೇಲೇರದ ತಪ್ಪು ಬೇರೆಯೇ ಇದೆ. ಇಂದಿನ ಅಳತೆಗೋಲು ಹಿಡಿದರೆ ಅವರಿಗೆ ಸಿಗುತ್ತಿದ್ದದ್ದು ಬಹುಶಃ ಎಲ್ಲಕ್ಕಿಂತ ಮೇಲಿನ ಲೆವೆಲ್ 6. ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಬರೆಯುವುದು ಲೆವೆಲ್ 4ರವರು, ಆರು ವರ್ಷಕ್ಕೊಮ್ಮೆ ಲೆವೆಲ್ 5ರವರು. 6ರವರನ್ನು ಮತ್ತೆ ಯಾರೂ ಕರೆಯುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಸರಾಗವಾಗಿ ಮಾತಾಡುವವನೇ ರೇಡಿಯೊದಲ್ಲಿ ಬೇಗ ‘ಓಕೆ’ ಎಂದುಬಿಡುತ್ತಾನೆ, ಅಂಕಿ ನುಂಗುತ್ತಾನೆ, ನಿಮಿಷಕ್ಕೆ 100 ಪದದ ಮಿತಿಯನ್ನು ಮರೆಯುತ್ತಾನೆ.

ಪರೀಕ್ಷೆಯನ್ನು ಹೀಗಳೆಯುತ್ತಿಲ್ಲ. ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ, ಪರಸ್ಪರ ಸ್ಪಂದನೆ ಎಂಬ ಆರರಲ್ಲಿ ಯಾವುದು ಅತಿ ಕಡಿಮೆಯೋ ಅದೇ ಕೊನೆಯ ಅಂಕ. ಐದರಲ್ಲಿ 5 ಬಂದು ಗ್ರಹಿಕೆಯಲ್ಲಿ 3 ಬಂದರೆ ನೀವು ಲೆವೆಲ್ 3, ಅಂತರರಾಷ್ಟ್ರೀಯ ಹಾರಾಟಕ್ಕೆ ಸಾಲದು. ಕಠಿಣ ಅನ್ನಿಸಬಹುದು, ಆದರೆ ನ್ಯಾಯವಾಗಿದೆ. ಬಾಯಿಪಾಠದ ಪದಗುಚ್ಛ ದಿನನಿತ್ಯದ ಹಾರಾಟವನ್ನು ದಾಟಿಸುತ್ತದೆ. ಪ್ರಯಾಣಿಕರೊಬ್ಬರು ಕುಸಿದು ಬಿದ್ದಾಗ, ಇಂಧನ ಮುಗಿಯುತ್ತಾ ಬಂದಾಗ ಸ್ವಂತ ವಾಕ್ಯ ಬೇಕು. 1990ರ ಜನವರಿ 25ರಂದು ಏವಿಯಾಂಕಾ 52 ವಿಮಾನದ ಸಿಬ್ಬಂದಿ ನ್ಯೂಯಾರ್ಕ್ ಮೇಲೆ ‘ಪ್ರಯಾರಿಟಿ’ ಕೇಳಿದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು, ಆದರೆ ಪ್ರಾಣಾಪಾಯದ ಕರೆಯಾದ ‘ಮೇಡೇ’ ಎನ್ನಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, 73 ಜನ ಸತ್ತರು. ಈಗ ಅದಕ್ಕೆ ‘ಮೇಡೇ ಮೇಡೇ ಮೇಡೇ ಫ್ಯುಯಲ್’ ಎಂಬ ಗೊಂದಲವಿಲ್ಲದ ಮಾತಿದೆ.

ಮತ್ತೆ ಆ ಸಾಲಿಗೇ ಬರುತ್ತೇನೆ. ಎಲ್ಲರೂ ‘ಟೂ’ವನ್ನು ಬೈಯುತ್ತಾರೆ. ನನ್ನ ಕಿವಿ ಪ್ರತಿ ಸಲ ನಿಲ್ಲುವುದು ‘ಓಕೆ’ಯ ಹತ್ತಿರ. ಎತ್ತರವನ್ನು ಹಿಂದಕ್ಕೆ ಓದಿ ಹೇಳುವುದು ಶಿಷ್ಟಾಚಾರವಲ್ಲ, ತಪ್ಪು ಹಿಡಿಯುವ ಬಲೆ. ಬಲೆಯ ಒಂದು ತುದಿ ಪೈಲಟ್ ಕೈಯಲ್ಲಿ: ರೇಡಿಯೊ ಗುಂಡಿ ಪೂರ್ತಿ ಒತ್ತಿ, ಅರೆಕ್ಷಣ ಬಿಟ್ಟು, ‘ಡಿಸೆಂಡಿಂಗ್ ಟು ಆಲ್ಟಿಟ್ಯೂಡ್’ ಎಂದು ಪೂರ್ತಿ ಅಂಕಿ, ಕೊನೆಗೆ ವಿಮಾನದ ಕರೆಹೆಸರು. ಅನುಮಾನ ಬಂದರೆ ‘ಸೇ ಅಗೇನ್’. ‘ರೋಜರ್’ (ಕೇಳಿಸಿತು) ಎಂದರೆ ಸಾಲದು. ಇನ್ನೊಂದು ತುದಿ ಕಂಟ್ರೋಲರ್ ಕೈಯಲ್ಲಿ. ಅಂದು ‘ಫೋರ್ ಝೀರೋ ಝೀರೋ’ ಎಂಬ ತಪ್ಪು ಅಂಕಿ ಬಲೆಗೆ ಬಿದ್ದಿತ್ತು. ಆ ಕ್ಷಣಕ್ಕೆ ಬೇಕಿದ್ದದ್ದು ‘ನೆಗೆಟಿವ್, ಐ ಸೇ ಅಗೇನ್’ ಎಂಬ ನಾಲ್ಕು ಪದ, ಅದರ ಹಿಂದೆ 2,400. ಅದು ಬರಲಿಲ್ಲ.