ಏನೂ ತಿಂದಿಲ್ಲ ಕಣೇ

ಸೋಮವಾರ ಮಧ್ಯಾಹ್ನ ಅಮ್ಮನ ಬೀರು ಹುಡುಕಿದೆ. ಬಟ್ಟೆಗಳ ಸಂದಿಯಲ್ಲಿ, ದಿಂಬಿನ ಕೆಳಗೆ, ಹಳೆಯ ಕನ್ನಡಕದ ಡಬ್ಬಿಯ ಹಿಂದೆ, ಎಲ್ಲಾ ಕಡೆ. ಸಿಕ್ಕಿದ್ದು ಕೆಮ್ಮಿನ ಗುಳಿಗೆಯೊಂದರ ಖಾಲಿ ಕಾಗದ. ಅದನ್ನೇ ಎರಡು ಬೆರಳಲ್ಲಿ ಹಿಡಿದು ತಂದು, ಪೊಲೀಸರು ಸಾಕ್ಷ್ಯ ಇಡುವ ಹಾಗೆ ಅವಳ ಮುಂದಿಟ್ಟೆ.

"ಏನೂ ತಿಂದಿಲ್ಲ ಕಣೇ."

"ಮತ್ತೆ ಇದೇನು?"

"ಅದು ಹೋದ ತಿಂಗಳು ಕೆಮ್ಮು ಬಂದಿತ್ತಲ್ಲ, ಆಗಿಂದು."

"ಸುಮ್ನೆ ಹೇಳ್ಬೇಡಮ್ಮ. ತಿನ್ನದೆ ಸಕ್ಕರೆ 262 ಹೇಗೆ ಬರುತ್ತೆ?"

ಅಮ್ಮ ಉತ್ತರ ಕೊಡಲಿಲ್ಲ. ಕಾಗದ ತಗೊಂಡು ಮಡಚಿದಳು, ಮತ್ತೆ ಮಡಚಿದಳು, ಉಗುರಿನಷ್ಟು ಚಿಕ್ಕದಾಗುವವರೆಗೆ ಮಡಚಿ ಕಸದ ಬುಟ್ಟಿಗೆ ಹಾಕಿ ಒಳಗೆ ಹೋದಳು. ಈ ವಾರ ನನಗೆ ಎಚ್ಚರವಾದಾಗಲೆಲ್ಲ ಮೊದಲು ಕಾಣುವುದು ಆ ಮಡಚುವ ಬೆರಳುಗಳೇ.

ಅಮ್ಮನಿಗೆ ಸಕ್ಕರೆ ಕಾಯಿಲೆ, ಎರಡು ಬಗೆಯ ಇನ್ಸುಲಿನ್. ನೀರಿನ ಹಾಗೆ ತಿಳಿಯಾಗಿರುವುದು ಊಟಕ್ಕೆ ಮುಂಚೆ, ಹಾಲಿನ ಹಾಗೆ ಬೆಳ್ಳಗಿರುವುದು ರಾತ್ರಿ ಮಲಗುವಾಗ. ಊಟವಾದ ಎರಡು ಗಂಟೆಗೆ ಸಾಮಾನ್ಯವಾಗಿ 160, 170 ಇರುತ್ತಿದ್ದ ಸಕ್ಕರೆ ಭಾನುವಾರ 238, ಸೋಮವಾರ 262, ಮಂಗಳವಾರ 271. ಬೆಳಗಿನ ಖಾಲಿ ಹೊಟ್ಟೆಯ ಲೆಕ್ಕ ಮಾತ್ರ ಅಷ್ಟೇನೂ ಏರಿರಲಿಲ್ಲ. ಅದನ್ನು ನಾನು ಹೇಗೆ ಓದಿದೆ ಗೊತ್ತಾ? ರಾತ್ರಿ ನಾನು ಪಕ್ಕದಲ್ಲೇ ಮಲಗಿರುತ್ತೇನೆ, ಆದ್ದರಿಂದ ತಿನ್ನುವುದಿಲ್ಲ. ಹಗಲು ನಾನು ಕೆಲಸಕ್ಕೆ ಹೋದ ಮೇಲೆ ಕದ್ದು ತಿನ್ನುತ್ತಾಳೆ. ಎಂಥಾ ತರ್ಕ! ಆಗ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡಿದ್ದೆ.

ಡಾಕ್ಟರಿಗೆ ಫೋನ್ ಮಾಡಿದಾಗ ಅವರೂ ಮೊದಲು ಕೇಳಿದ್ದು "ಏನು ತಿಂದ್ರು?" ಅಂತಲೇ. ಒಳ್ಳೆಯ ಡಾಕ್ಟರು, ಗದರುವವರಲ್ಲ. ಆದರೂ ಅವರ ದನಿಯಲ್ಲಿ ಒಂದು ಸಣ್ಣ ನಗು ಇತ್ತು. ವಯಸ್ಸಾದವರು ಹೀಗೇ ಅಲ್ವಾ ಅನ್ನುವ ನಗು. ನಾನೂ ನಕ್ಕೆ. ಊಟದ ಡೋಸ್ ನಾಲ್ಕು ಯೂನಿಟ್ ಏರಿಸಿ ಅಂದರು, ಏರಿಸಿದೆವು. ಔಷಧ ಹೇಗಿದೆ ಎಂದು ಅವರೂ ಕೇಳಲಿಲ್ಲ, ನಾನೂ ನೋಡಲಿಲ್ಲ.

ಬುಧವಾರ ರಾತ್ರಿ ಬೆಳ್ಳಗಿನ ಇನ್ಸುಲಿನ್ ತುಂಬಿದ, ಚುಚ್ಚಿಕೊಳ್ಳುವ ಪೆನ್ ಮುಗಿಯಿತು. ಹೊಸದು ತೆಗೆಯಲು ಫ್ರಿಡ್ಜ್ ತೆರೆದೆ. ಡಬ್ಬಿ ಹಿಂದಿನ ಗೋಡೆಗೆ ಒತ್ತಿಕೊಂಡಿತ್ತು. ಎಳೆದರೆ ಬರಲಿಲ್ಲ, ರಟ್ಟು ಗೋಡೆಗೆ ಹೆಪ್ಪುಗಟ್ಟಿ ಅಂಟಿತ್ತು. ಕಿತ್ತು ತೆಗೆದು ಒಂದು ಪೆನ್ನನ್ನು ದೀಪಕ್ಕೆ ಹಿಡಿದೆ. ಬೆಳ್ಳಗಿನ ಔಷಧವನ್ನು ಅಂಗೈಗಳ ನಡುವೆ ಉರುಳಿಸಿದರೆ ಒಂದೇ ಸಮನಾಗಬೇಕು. ಇದು ಆಗಲಿಲ್ಲ. ಔಷಧ ತುಂಬಿರುವ ಗಾಜಿನ ನಳಿಕೆಯ, ಅಂದರೆ ಕಾರ್ಟ್ರಿಜ್‌ನ, ಒಳಗೋಡೆಗೆ ಮರಳಿನಂಥ ಕಣಗಳು ಮೆತ್ತಿಕೊಂಡಿದ್ದವು. ಚಳಿಗೆ ಕಿಟಕಿಯ ಗಾಜಿನ ಮೇಲೆ ಇಬ್ಬನಿ ಕೂರುತ್ತದಲ್ಲ, ಹಾಗೆ. ಇನ್ನಷ್ಟು ಉರುಳಿಸಿದೆ. ಕಣಗಳು ಜಾರಿದವೇ ಹೊರತು ಕರಗಲಿಲ್ಲ.

"ಅಮ್ಮಾ, ಇದು ನೋಡು ಬಾ."

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಓ, ಅದಾ? ಶನಿವಾರ ತೆಗೆದಿದ್ದೂ ಹಾಗೇ ಇತ್ತು. ಒಳಗೆ ಐಸ್. ಕೈಯಲ್ಲಿ ಒಂದು ಹೊತ್ತು ಹಿಡ್ಕೊಂಡೆ, ಕರಗ್ತು."

"ಯಾವುದು?"

"ಊಟದ್ದು. ನೀರಿನ ಥರದ್ದು."

"ಅದನ್ನೇ ಹಾಕ್ಕೊಳ್ತಾ ಇದ್ದೀಯಾ?"

"ಕರಗ್ತಲ್ಲೇ. ನೀರಿನ ಹಾಗೇ ಆಯ್ತು. ಎಸೆಯೋದು ಯಾಕೆ?"

ನಾನು ಅಲ್ಲೇ ಫ್ರಿಡ್ಜಿನ ಮುಂದೆ ನೆಲದ ಮೇಲೆ ಕೂತೆ.

ಮರುದಿನ ಎರಡೂ ಪೆನ್ನು ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಕೌಂಟರಿನ ಹಿಂದಿದ್ದ ಫಾರ್ಮಸಿಸ್ಟ್ ಇನ್ನೂ ಚಿಕ್ಕ ಹುಡುಗಿ. ಈ ವಾರ ನಾನು ಮಾತಾಡಿದವರಲ್ಲೆಲ್ಲ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ ಎಂದು ಈಗಲೂ ಹೇಳುತ್ತೇನೆ. ಕತೆ ಪೂರ್ತಿ ಕೇಳುವ ಮುಂಚೆಯೇ ಅವಳು ಕೇಳಿದಳು: "ಮೇಡಂ, ಈ ನಡುವೆ ಡೋಸ್ ಏನಾದ್ರೂ ಏರಿಸಿದ್ರಾ?" ಏರಿಸಿದ್ದೇವೆ ಅಂದೆ. "ಹಾಗಾದ್ರೆ ಹೊಸ ಪೆನ್ ಹಾಕೋ ಮುಂಚೆ ಡಾಕ್ಟರಿಗೆ ಹೇಳಿ. ಕೆಟ್ಟ ಔಷಧಕ್ಕೆ ಏರಿಸಿದ ಡೋಸನ್ನ ಒಳ್ಳೆ ಔಷಧದಲ್ಲಿ ಹಾಕಿದ್ರೆ ಸಕ್ಕರೆ ಧಡಕ್ಕಂತ ಇಳಿಯುತ್ತೆ."

ನನಗೆ ಇದು ಹೊಳೆದೇ ಇರಲಿಲ್ಲ. ಹೊಸ ಪೆನ್ನು ಚುಚ್ಚಿ, ಆ ನಾಲ್ಕು ಯೂನಿಟ್ ಹೆಚ್ಚಾಗಿ ಸೇರಿ, ಅಮ್ಮ ಮಧ್ಯಾಹ್ನ ಒಬ್ಬಳೇ ಇದ್ದಾಗ ಬೆವತು ಕುಸಿದಿದ್ದರೆ? ಆಗಲೂ ನಾನು "ಸರಿಯಾಗಿ ಊಟ ಮಾಡಿಲ್ಲ" ಅನ್ನುತ್ತಿದ್ದೆನೇನೋ. ಅಂಗಡಿಯಿಂದಲೇ ಫೋನ್ ಮಾಡಿದೆ. ಡಾಕ್ಟರು ಹಳೆಯ ಡೋಸಿಗೇ ಇಳಿಸಿದರು. ಈ ಸಲ ನಗಲಿಲ್ಲ.

"ಕರಗಿದ ಮೇಲೆ ತಿಳಿಯಾಗೇ ಇತ್ತಲ್ಲ?" ಎಂದು ಹುಡುಗಿಯನ್ನು ಕೇಳಿದೆ, ಅಮ್ಮನ ಪರವಾಗಿ. ಅವಳು ಹೇಳಿದ್ದು ಇದು: ನೀರು ಮಂಜುಗಡ್ಡೆ ಕಟ್ಟುವಾಗ ತಾನು ಮಾತ್ರ ಕಟ್ಟಿಕೊಳ್ಳುತ್ತದೆ, ತನ್ನೊಳಗಿದ್ದದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ಲವಣ, ಕೆಡದಂತೆ ಹಾಕಿದ ರಾಸಾಯನಿಕ, ಇನ್ಸುಲಿನ್ ಎಲ್ಲವೂ ಉಳಿದ ಹನಿಯಷ್ಟು ದ್ರವದಲ್ಲಿ ಇಕ್ಕಟ್ಟಾಗಿ ಸಿಕ್ಕಿಕೊಳ್ಳುತ್ತವೆ. ಇನ್ಸುಲಿನ್ ಒಂದು ಪ್ರೋಟೀನು. ಒಟ್ಟು 51 ಅಮೈನೋ ಆಮ್ಲಗಳಿಂದಾದ ಎರಡು ಎಳೆ, ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿರುತ್ತದೆ. ಅದರ ಕೆಲಸವೆಲ್ಲ ಆ ಮಡಿಕೆಯಲ್ಲೇ ಇದೆ. ಗಡ್ಡೆಯ ಮೈಗೆ ತಗುಲಿ, ಆ ಇಕ್ಕಟ್ಟಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಡಿಕೆ ಸಡಿಲವಾಗಬಹುದು, ಬಿಚ್ಚಿಕೊಂಡವು ಒಂದಕ್ಕೊಂದು ಅಂಟಿಕೊಳ್ಳಬಹುದು. ಕರಗಿದಾಗ ನೀರು ವಾಪಸು ಬರುತ್ತದೆ, ಮಡಿಕೆ ಬರಬೇಕೆಂದಿಲ್ಲ. "ಒಡೆದ ಹಾಲು ತಣ್ಣಗಾದ್ರೆ ಮತ್ತೆ ಹಾಲಾಗುತ್ತಾ ಮೇಡಂ?"

ಬೆಳ್ಳಗಿನದರ ಕತೆ ಬೇರೆ. ಅದರಲ್ಲಿ ಇನ್ಸುಲಿನ್ ಪ್ರೋಟಮೈನ್ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸಣ್ಣ ಹರಳುಗಳಾಗಿ ತೇಲುತ್ತಿರುತ್ತದೆ. ನಿಧಾನವಾಗಿ ಕರಗಿ ರಾತ್ರಿಯಿಡೀ ಕೆಲಸ ಮಾಡಲಿ ಎಂದು 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಕಂಡುಕೊಂಡ ಉಪಾಯ. ಹೆಪ್ಪುಗಟ್ಟಿದರೆ ಹರಳುಗಳು ಗಂಟು ಕಟ್ಟುತ್ತವೆ, ಒಂದು ಡೋಸಿನಲ್ಲಿ ಹೆಚ್ಚು ಬರುತ್ತದೆ, ಇನ್ನೊಂದರಲ್ಲಿ ಕಡಿಮೆ. ಆದರೆ ಗಂಟು ಕಣ್ಣಿಗೆ ಕಾಣುತ್ತದೆ. ಬೆಳ್ಳಗಿನದು ಕೆಟ್ಟರೆ ತಾನು ಕೆಟ್ಟಿದ್ದೇನೆ ಎಂದು ಹೇಳಿಕೊಂಡಿತು. ತಿಳಿಯಾಗಿದ್ದದ್ದು ಐದು ದಿನ ನಮ್ಮನ್ನು ನೋಡಿಕೊಂಡು ಸುಮ್ಮನಿತ್ತು.

ಹುಡುಗಿ ಅಮ್ಮನ ತಿಳಿ ಪೆನ್ನನ್ನು ತಿರುಗಿಸಿ ನೋಡಿ ಒಳಗೊಂದು ಉದ್ದನೆಯ ಗಾಳಿಗುಳ್ಳೆ ತೋರಿಸಿದಳು. ನೀರು ಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಕಾರ್ಟ್ರಿಜ್‌ನೊಳಗೆ ಹಿಗ್ಗಲು ಜಾಗವೆಲ್ಲಿ? ಹಿಂದಿನ ರಬ್ಬರ್ ಬಿರಡೆಯನ್ನು ತಳ್ಳುತ್ತದೆ, ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ಗಾಳಿ ಸೇರಿದ ಪೆನ್ನು ಹತ್ತು ಯೂನಿಟ್ ಎಂದು ತೋರಿಸಿ ಹತ್ತು ಕೊಡದೇ ಇರಬಹುದು. ಬಿರುಕಿದ್ದರೆ ಕ್ರಿಮಿಯೂ ಒಳಗೆ ಹೋಗಬಹುದು. ಹಾಗಾಗಿ ಅಮ್ಮನ ಪೆನ್ನಿನಲ್ಲಿ ಕೆಟ್ಟದ್ದು ಔಷಧವೋ, ಅಳತೆಯೋ, ಎರಡೂನೋ ಎಂದು ಮನೆಯಲ್ಲಿ ಕೂತು ಯಾರೂ ಹೇಳುವಂತಿಲ್ಲ. ಹೇಳುವಂತಿಲ್ಲ ಎಂಬ ಕಾರಣಕ್ಕೇ ಎಸೆಯಬೇಕು. ಡಬ್ಬಿಯ ಚೀಟಿಯಲ್ಲಿ ಅದನ್ನೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಹೆಪ್ಪುಗಟ್ಟಿದ್ದರೆ, ಕರಗಿದ ಮೇಲೂ ಬಳಸಬೇಡಿ. ನಾನು ಎಷ್ಟು ಡಬ್ಬಿ ತಂದಿದ್ದೇನೋ ಲೆಕ್ಕವಿಲ್ಲ, ಆ ಚೀಟಿ ಬಿಡಿಸಿದ್ದು ಈ ವಾರವೇ.

ಅಣ್ಣನಿಗೆ ಫೋನಿನಲ್ಲಿ ಹೇಳಿದರೆ ಅವನು ಒಪ್ಪಬೇಕಲ್ಲ. "ಫೈಜರ್ ಕಂಪನಿಯ ಕೊರೋನಾ ಲಸಿಕೆನ ಮೈನಸ್ 70ರಲ್ಲಿ ಇಟ್ಟಿರ್ಲಿಲ್ವಾ? ಅದಕ್ಕೇನಾಯ್ತು?" ಅಂದ. ಅದನ್ನು ಹೆಪ್ಪುಗಟ್ಟಿಸಲೆಂದೇ ಸಕ್ಕರೆ ಬೆರೆಸಿ ತಯಾರು ಮಾಡಿದ್ದರು. ಇದನ್ನು ಹಾಗೆ ಮಾಡಿಲ್ಲ. ಲಸಿಕೆಗಳಲ್ಲೂ ಎಲ್ಲ ಒಂದೇ ಥರ ಅಲ್ಲ. ಮಕ್ಕಳಿಗೆ ಹಾಕುವ ಡಿಪಿಟಿ, ಹೆಪಟೈಟಿಸ್ ಬಿ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ, ಹೆಪ್ಪುಗಟ್ಟಿದರೆ ಅವೂ ಹಾಳು. ಅವಕ್ಕಾದರೂ ಒಂದು ಪರೀಕ್ಷೆ ಇದೆ: ಅದೇ ಬ್ಯಾಚಿನ ಒಂದು ಶೀಶೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಅನುಮಾನದ ಶೀಶೆಯ ಜೊತೆ ಕುಲುಕಿ, ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ಕಾಯುತ್ತಾರೆ. ಹೆಪ್ಪುಗಟ್ಟಿದ್ದು ಬೇಗ ತಳ ಸೇರುತ್ತದೆ. ಅಮ್ಮನ ತಿಳಿ ಇನ್ಸುಲಿನ್ನಿಗೆ ಅಂಥ ಪರೀಕ್ಷೆಯೂ ಇಲ್ಲ.

ಇನ್ನು ಫ್ರಿಡ್ಜಿನ ವಿಷಯ. ಯಂತ್ರಗಳ ಬಗ್ಗೆ ಅಣ್ಣನಿಗೆ ಎಲ್ಲ ಗೊತ್ತು ಎಂದು ನಾವೆಲ್ಲ ನಂಬಿದ್ದೇವೆ, ಅವನಂತೂ ಪೂರ್ತಿ ನಂಬಿದ್ದಾನೆ. ಹೋದ ಶುಕ್ರವಾರ ಬಂದಿದ್ದವನು ಇನ್ಸುಲಿನ್ ಡಬ್ಬಿಯ ಮೇಲಿನ "2ರಿಂದ 8 ಡಿಗ್ರಿ" ಓದಿ, ಒಳಗಿನ ಗುಂಡಿಯನ್ನು 2ರಿಂದ 6ಕ್ಕೆ ತಿರುಗಿಸಿ ಹೋದ. ಆರು ಡಿಗ್ರಿ ಆಯ್ತು, ಸೇಫ್ ಅಂದ. ಆ ಗುಂಡಿಯ ಅಂಕಿ ಡಿಗ್ರಿ ಅಲ್ಲ. ನಮ್ಮದರಲ್ಲಿ ಅಂಕಿ ಏರಿದಷ್ಟೂ ತಣ್ಣಗೆ. ನಗಬೇಡಿ, ನಾನೂ ಕಮ್ಮಿ ಇಲ್ಲ. ಬಾಗಿಲು ತೆರೆದಾಗ ಬಿಸಿಗಾಳಿ ತಾಗದಿರಲಿ ಎಂದು ಡಬ್ಬಿಗಳನ್ನು ಹಿಂದಿನ ಗೋಡೆಗೆ ಒತ್ತಿಟ್ಟವಳು ನಾನೇ. ಫ್ರೀಜರಿನ ಗಾಳಿ ಕೆಳಗಿಳಿಯುವ ಕಿಂಡಿ ಇರುವುದು ಅಲ್ಲೇ. ಶುಕ್ರವಾರ ರಾತ್ರಿಯೇ ಅದರ ಪಕ್ಕದ ನೀರಿನ ಬಾಟಲಿಯಲ್ಲಿ ಐಸಿನ ಚೂರು ತೇಲುತ್ತಿತ್ತು. ಕುಡಿದು, ಅಬ್ಬಾ ಎಷ್ಟು ತಣ್ಣಗಿದೆ ಅಂದಿದ್ದೆ.

"ಎಲ್ಲರೂ ಬಿಸಿಗೆ ಹೆದರ್ತಾರೆ, ಚಳಿಗೆ ಯಾರೂ ಹೆದರಲ್ಲ," ಅಂದಿದ್ದಳು ಆ ಹುಡುಗಿ. ನಿಜ. ಬಳಸಲು ಶುರು ಮಾಡಿದ ಪೆನ್ನನ್ನು ವಿಪರೀತ ಸೆಕೆಯಿಲ್ಲದ ಕೋಣೆಯಲ್ಲಿ, ಚೀಟಿಯಲ್ಲಿ ಹೇಳಿದಷ್ಟು ದಿನ ಹೊರಗೇ ಇಡಬಹುದು. ಬುಧವಾರದವರೆಗೆ ರಾತ್ರಿ ಚುಚ್ಚುತ್ತಿದ್ದದ್ದು ಮೊದಲೇ ಶುರು ಮಾಡಿದ್ದ ಪೆನ್ನು, ಬೆಳಗಿನ ಲೆಕ್ಕ ಏರದಿದ್ದದ್ದು ಅದಕ್ಕೇ ಇರಬೇಕು. ಹೆಪ್ಪುಗಟ್ಟುವುದಕ್ಕೆ ಒಂದು ರಾತ್ರಿ ಸಾಕು. ಅದೇ ಡಬ್ಬಿಯ ಇನ್ನೆರಡು ಪೆನ್ನು ನೋಡಲು ಚೆನ್ನಾಗೇ ಇದ್ದವು. ಅವನ್ನೂ ಎಸೆಯಬೇಕಾಯಿತು.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ತಲೆಯಲ್ಲಿ ಕೂತಿರುವುದು ಪ್ರೋಟೀನಲ್ಲ, ಆ ಮಾತು. ಏನೂ ತಿಂದಿಲ್ಲ ಕಣೇ. ಸಕ್ಕರೆ ಏರಿದಾಗ ಅನುಮಾನಿಸಲು ಎಷ್ಟೊಂದು ಇತ್ತು: ಪೆನ್ನು, ಸೂಜಿ, ಮೀಟರಿಗೆ ಹಾಕುವ ಪರೀಕ್ಷೆಯ ಪಟ್ಟಿ, ಜ್ವರ, ಫ್ರಿಡ್ಜು. ನಾನು, ಅಣ್ಣ, ಡಾಕ್ಟರು ಮೂವರೂ ನೇರ ಅವಳ ಬಾಯಿಗೇ ಬಂದೆವು. ಕಾಯಿಲೆಯವರ ಮಾತಿಗೆ ಮನೆಯಲ್ಲಿ ತೂಕ ಯಾವಾಗ ಕಮ್ಮಿಯಾಯಿತೋ. ಮೀಟರು ಹೇಳಿದ್ದನ್ನು ನಂಬಿದೆ, ಪೆನ್ನಿನ ತಿಳಿಯನ್ನು ಕೇಳದೆಯೇ ನಂಬಿದೆ, ಅಮ್ಮನಿಗೆ ಮಾತ್ರ ಸಾಕ್ಷಿ ಕೇಳಿದೆ. ಪೆನ್ನು ಹೆಪ್ಪುಗಟ್ಟಿದ್ದನ್ನು ಶನಿವಾರವೇ ಯಾಕೆ ಹೇಳಲಿಲ್ಲ ಅಂದರೆ, "ಹೇಳಿದ್ರೆ ಫ್ರಿಡ್ಜ್ ಬಾಗಿಲು ತೆಗೆದಿಟ್ಟೆ ಅಂತ ನನ್ನನ್ನೇ ಬೈತಿದ್ದೆ," ಅಂದಳು. ಬೈಯುತ್ತಿದ್ದೆ.

ಗುರುವಾರ ಸಂಜೆ, "ನಂಬಬೇಕಿತ್ತು, ತಪ್ಪಾಯ್ತಮ್ಮ," ಅಂದೆ. "ಸರಿ ಬಿಡು," ಅಂದು ಟೀವಿಯ ಸದ್ದು ಏರಿಸಿದಳು.

ಈಗ ಡಬ್ಬಿಗಳು ನಡುವಿನ ತಟ್ಟೆಗೆ ಬಂದಿವೆ, ಪಕ್ಕದಲ್ಲೊಂದು ಥರ್ಮಾಮೀಟರ್. ಅಮ್ಮ ತನ್ನ ಸಕ್ಕರೆಯ ಪುಸ್ತಕದಲ್ಲಿ ಫ್ರಿಡ್ಜಿಗೂ ಒಂದು ಕಾಲಂ ಹಾಕಿದ್ದಾಳೆ. ಶುಕ್ರವಾರ ಅವಳದು 174, ಅದರದು 4. ಶನಿವಾರ 166, 5. ಇವತ್ತು ಮಧ್ಯಾಹ್ನ ನಾನು ಬಾಗಿಲು ಸರಿಯಾಗಿ ಹಾಕದೆ ಹೋಗಿದ್ದೆನಂತೆ, ಅಡುಗೆಮನೆಯಿಂದ ಕೂಗಿದಳು:

"ಲೇ, ಇಲ್ನೋಡೇ, 9 ಆಗಿದೆ. ಕದ್ದು ಏನೋ ತಿಂದಿರ್ಬೇಕು, ಬೀರು ಹುಡುಕು."